ಹುಳದ ಮನೆಯ ಬೆಕ್ಕು

ಸೋಲೂರು
13-6-2004

ಅಕ್ಕನಿಗೆ ಪ್ರತಿಮಾಳ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ಬೆಕ್ಕು ನಮಗಿಂತ ಚೆನ್ನಾಗಿದೆ. ಅದರ ಗಂಟಲಂತೂ ಇನ್ನೂ ಚೆನ್ನಾಗಿದೆ.

ಲೋಕೇಶಣ್ಣ ಮೊನ್ನೆ ಗೋಣಿಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಅವನ ಮುಖ ನೀನು ನೋಡಬೇಕಿತ್ತು. ಚಿಕ್ಕಪ್ಪನ ಮಗ, ಅಷ್ಟು ದೊಡ್ಡ ಮೀಸೆಯವನು, ಅಳುವುದೊಂದು ಬಾಕಿ. ರಾಮನಗರದಲ್ಲಿ ಬಸ್ಸು ಹತ್ತಿದಾಗಿನಿಂದ ಮಾಗಡಿ ಬರುವವರೆಗೂ ಚೀಲದೊಳಗಿನದು ಬಾಯಿ ಮುಚ್ಚಲಿಲ್ಲವಂತೆ. ಕಂಡಕ್ಟರು ಬಂದು, "ಏನಪ್ಪಾ ಅದು, ಮಗೀನಾ? ಚೀಲ್ದಾಗೆ ಯಾಕಾಕಿದ್ದೀಯಾ?" ಎಂದು ಗದರಿದನಂತೆ. ಬಿಚ್ಚಿ ತೋರಿಸಲು ನಿನ್ನ ಅಪ್ಪಣೆಯಿಲ್ಲ. "ದಾರಿ ಕಾಣ್ಬಾರ್ದು, ಬಾಯಿ ಬಿಚ್ಬ್ಯಾಡ ಅಂತ ಅಕ್ಕ ಹೇಳವ್ಳೆ. ಬಿಚ್ಚಿದ್ರೆ ನನ್ ಮಕನೇ ಕಿತ್ತಾಕ್ಬುಡ್ತಿತ್ತು ಕಣವ್ವಾ" ಎಂದು ಒಂದು ಚೊಂಬು ನೀರು ಕುಡಿದ. ರೇಷ್ಮೆ ಹುಳದ ಮನೆ ಹೇಗಿದೆ, ಈ ಸಲದ ಬೆಳೆ ಹೇಗಿದೆ ಎಂದು ಕೇಳಿದೆ. "ಎಲ್ಲಾ ಚೆನ್ನಾಗೈತೆ" ಎಂದವನೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟ. ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟಿದ್ದೆ. ಲೋಕೇಶಣ್ಣ ಊಟ ಬಿಟ್ಟು ಎದ್ದುಹೋಗಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಚೀಲ ಬಿಚ್ಚಿದ್ದೇ ತಡ ನಿನ್ನ ಬೆಕ್ಕು, ಬೆಳ್ಳಿ, ಹಾರಿದ್ದು ಕಿಟಕಿಗೆ, ಕಿಟಕಿಯಿಂದ ಶೆಲ್ಫಿಗೆ, ಶೆಲ್ಫಿನಿಂದ ನನ್ನ ಸ್ಟೀಲು ಡಬ್ಬಗಳ ಮೇಲೆ. ಎಲ್ಲ ಉರುಳಿಸಿ ಆದ ಮೇಲೆ ನಡುಮನೆಯಲ್ಲಿ ಕೂತು ಕೂಗಲು ಶುರುಮಾಡಿತು. ಅಂದಿನಿಂದ ಕೂಗುತ್ತಲೇ ಇದೆ. ಇವರಿಗೆ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಈಗ ರಾತ್ರಿ ಪಾಳಿ, ಹಗಲು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಅಲ್ಲಿ ಸೈರನ್ನು ಕೇಳಿ ಬರುತ್ತೇನೆ, ಇಲ್ಲಿ ಇನ್ನೊಂದು ಸೈರನ್ನು ಎಂದು ಅದಕ್ಕೆ ಅದೇ ಹೆಸರಿಟ್ಟಿದ್ದಾರೆ.

ತಮಾಷೆ ಅಂತ ಬರೆಯುತ್ತಿದ್ದೇನೆ, ಆದರೆ ಒಂದು ಕಷ್ಟವಿದೆ. ಕೆಳಗಿನ ಮನೆಯಲ್ಲಿರುವ ಓನರ್ ಚೆಲುವಯ್ಯನವರು ನಿನ್ನೆ ಮೇಲೆ ಬಂದಿದ್ದರು. "ನೋಡವ್ವಾ, ಗೌರಿ ಹಬ್ಬುಕ್ಕೆ ನನ್ ಮಗ್ಳು ಮಗೀನ ಎತ್ಕಂಡು ಬತ್ತಾಳೆ. ಅಷ್ಟೊತ್ಗೆ ಈ ಬೆಕ್ಕು ಸುಮ್ಕಾಗ್ಬೇಕು. ಇಲ್ಲಾಂದ್ರೆ ಅದ್ನ ಎಲ್ಲಿಂದ ತಂದ್ರೋ ಅಲ್ಲಿಗೇ ಬುಟ್ಬನ್ನಿ" ಎಂದರು. ಒಳ್ಳೆಯವರೇ, ಸಿಟ್ಟಿನಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆ.

ಅಕ್ಕ, ಈ ಬೆಕ್ಕನ್ನು ನಾನು ಯಾಕೆ ಕೇಳಿದೆ ಎಂದು ನಿನಗೆ ಗೊತ್ತು. ಇಲ್ಲಿ ಇಲಿ ಕಾಟವೇನೂ ಇಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಂದು ಸದ್ದಿರುವುದಿಲ್ಲ. ನಮ್ಮ ಹುಳದ ಮನೆಯಲ್ಲಿ ಹುಳು ಸಾಕುವ ತಟ್ಟೆಗಳ ಅಟ್ಟಣೆಯ ಕೆಳಗೆ ಚಾಪೆ ಹಾಸಿಕೊಂಡು ನೀನು ನಾನು ಮಲಗುತ್ತಿದ್ದೆವಲ್ಲ, ದೊಡ್ಡ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದಿನಲ್ಲಿ ನನಗೆ ಎಷ್ಟು ಬೇಗ ನಿದ್ದೆ ಬರುತ್ತಿತ್ತು. ಕಾಲ ಹತ್ತಿರ ಯಾವಾಗಲೂ ಒಂದು ಬೆಕ್ಕು. ಅದರ ವಂಶದ್ದೇ ಒಂದು ಇಲ್ಲಿರಲಿ ಎಂದು ಕೇಳಿದೆ. ಇದನ್ನು ವಾಪಸು ಕಳಿಸಲು ನನಗೆ ಮನಸ್ಸಿಲ್ಲ. ಏನು ಮಾಡಲಿ ಹೇಳು.

ಬೂತಿನಿಂದ ನಿಮ್ಮ ಪಕ್ಕದ ಮನೆಗೆ ಫೋನು ಮಾಡಿದ್ದೆ. ನೀನು ತೋಟಕ್ಕೆ ಹೋಗಿದ್ದೀಯ ಅಂದರು.

ನಿನ್ನ
ಪ್ರತಿಮಾ


ಕೈಲಾಂಚ
22-6-2004

ಪ್ರತಿಮಾಗೆ ಅಕ್ಕನ ಆಶೀರ್ವಾದ. ಕೆಂಪರಾಜು ಅವರಿಗೂ ಹೇಳು.

ಫೋನು ಗೀನು ಬೇಡ. ಆ ಕಡೆ ನೀನು ಹಲೋ ಹಲೋ ಅನ್ನುವುದು, ಈ ಕಡೆ ನಾನು ಕಿರುಚುವುದು, ಪಕ್ಕದ ಮನೆಯವರೆಲ್ಲ ಸುತ್ತ ನಿಂತು ಕೇಳುವುದು. ಕಾಗದವೇ ಸರಿ.

ಒಂದು ಬೆಕ್ಕಿಗೆ ಇಷ್ಟು ಗಾಬರಿಯೇ? ನಿನ್ನನ್ನು ಸಾಕಿದ್ದಕ್ಕಿಂತ ಬೆಕ್ಕು ಸಾಕುವುದು ಸುಲಭ. ನೀನು ಎರಡು ವರ್ಷದವಳಿದ್ದಾಗ ಅವ್ವ ನಿನ್ನನ್ನು ನನ್ನ ಸೊಂಟಕ್ಕೆ ಕೂರಿಸಿ ಸೊಪ್ಪು ಕುಯ್ಯಲು ಹೋಗುತ್ತಿದ್ದಳು. ಆ ಕೂಗಿಗೆ ಕೈಲಾಂಚದ ನಾಯಿಗಳೆಲ್ಲ ಉತ್ತರ ಕೊಡುತ್ತಿದ್ದವು. ಈಗ ಓನರು ಏನೋ ಅಂದರಂತೆ ಅಂತ ಅಳುಮೋರೆ ಹಾಕುತ್ತೀಯ.

ನಾನು ಹೇಳಿದ ಹಾಗೆ ಮಾಡು. ಹೊಸ ಮನೆಗೆ ಬಂದ ಬೆಕ್ಕನ್ನು ಮನೆಯೆಲ್ಲ ಓಡಾಡಲು ಬಿಡಬಾರದು. ಒಂದು ಕೋಣೆಯಲ್ಲಿ ಕೂಡಿ ಬಾಗಿಲು ಭದ್ರವಾಗಿ ಹಾಕು. ಮುದ್ದೆ ಮುರಿದು ಹಾಲಿಗೆ ಕಲಸಿ ನಿನ್ನ ಕೈಯಿಂದಲೇ ತಿನ್ನಿಸು, ತಟ್ಟೆಗೆ ಹಾಕಿ ದೂರ ನಿಲ್ಲಬೇಡ. ಅವ್ವ ಮಾಡುತ್ತಿದ್ದುದು ನೆನಪಿದೆಯಲ್ಲ, ಒಲೆಯ ಬೂದಿಯನ್ನು ನಾಲ್ಕು ಪಾದಕ್ಕೂ ಸವರಬೇಕು. ಆ ಒಲೆ ತನ್ನದು ಅಂತ ಅದಕ್ಕೆ ತಿಳಿಯುತ್ತದೆ, ಬೇರೆ ಎಲ್ಲೂ ಹೋಗುವುದಿಲ್ಲ.

ವಾಪಸು ಕಳಿಸುವ ಮಾತು ಎತ್ತಬೇಡ. ಈಗ ಹುಳು ಎರಡನೇ ಜ್ವರಕ್ಕೆ ಕೂತಿವೆ. ಹೊರಗಿನವರು ಬರುವ ಹಾಗಿಲ್ಲ, ಹೊರಗೆ ಹೋಗಿ ಬಂದ ಬೆಕ್ಕಂತೂ ಬೇಡವೇ ಬೇಡ. ನೀನೂ ಸದ್ಯಕ್ಕೆ ಬರುವ ಯೋಚನೆ ಇಟ್ಟುಕೊಳ್ಳಬೇಡ. ನಾನೇ ಹೇಳುತ್ತೇನೆ, ಆಗ ಬಂದರೆ ಸಾಕು.

ಹುಳದ ಮನೆ ಇದ್ದಲ್ಲೇ ಇದೆ, ಎಲ್ಲಿಗೂ ಎದ್ದು ಹೋಗಿಲ್ಲ. ಪ್ರತಿ ಸಲ ಅದನ್ನೇ ಕೇಳುತ್ತೀಯಲ್ಲ.

ಅಕ್ಕ
ವೆಂಕಟಲಕ್ಷ್ಮಮ್ಮ


ಸೋಲೂರು
6-7-2004

ಅಕ್ಕ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಏನಾಯಿತು ಕೇಳು.

ಮೊದಲು ಬೂದಿ. ನಮ್ಮದು ಗ್ಯಾಸು ಒಲೆ, ಬೂದಿ ಎಲ್ಲಿಂದ ಬರಬೇಕು? ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸೌದೆ ಒಲೆಯಿದೆ ಎಂದು ಇವರು ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದರು. ನಾಲ್ಕು ಪಾದಕ್ಕೂ ಸವರಿದೆ, ನನ್ನ ಕೈಯೆಲ್ಲ ಪರಚಿ ಹಾಕಿತು. ಮಾರನೆಯ ದಿನ ಬೆಕ್ಕೇ ಇಲ್ಲ. ಬೀದಿಯೆಲ್ಲ ಹುಡುಕಿ ಅತ್ತುಕೊಂಡು ಬಂದರೆ ಹೋಟೆಲಿನವನು ಕಂಕುಳಲ್ಲಿ ಇರುಕಿಕೊಂಡು ತಂದುಕೊಟ್ಟ. ಹೋಗಿ ಅವನ ಒಲೆಯ ಪಕ್ಕದಲ್ಲೇ ಮಲಗಿತ್ತಂತೆ. ಅವ್ವನ ಮಾತು ಸುಳ್ಳಾಗಲಿಲ್ಲ ನೋಡು, ಒಲೆ ಮಾತ್ರ ತಪ್ಪಾಯಿತು. ಇವರು ನಕ್ಕು ನಕ್ಕು ಕೆಮ್ಮು ಬಂತು.

ಆಮೇಲೆ ಕೋಣೆ. ಒಳಗೆ ಕೂಡಿ ಬಾಗಿಲು ಹಾಕಿದರೆ ಹೊರಗೆ ಬಿಡು ಅಂತ ಕೂಗುತ್ತದೆ. ಹೊರಗೆ ಬಿಟ್ಟು ಇವರು ಒಳಗೆ ಮಲಗಿದರೆ ಒಳಗೆ ಬಿಡು ಅಂತ ಕೂಗುತ್ತದೆ. ಬಾಗಿಲನ್ನು ಕೆರೆದು ಕೆರೆದು ಬಣ್ಣವೆಲ್ಲ ಎದ್ದುಬಂದಿದೆ. ಮಧ್ಯೆ ಮಧ್ಯೆ ಸುಮ್ಮನಿದ್ದರೂ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತಪ್ಪುವುದಿಲ್ಲ. ಆ ಎರಡು ಹೊತ್ತಿನ ಕೂಗೇ ಬೇರೆ, ಅಕ್ಕ. ಹಸಿವಿನ ಕೂಗಲ್ಲ, ಯಾರನ್ನೋ ಕರೆಯುವ ಹಾಗೆ. ಕೂಗಿ ಸುಸ್ತಾದ ಮೇಲೆ ಹುಚ್ಚು ಹಿಡಿದ ಹಾಗೆ ಮನೆ ತುಂಬ ಓಡುತ್ತದೆ. ಗೋಡೆ ಮೇಲೆ ನಾಲ್ಕು ಹೆಜ್ಜೆ ಓಡಿ ವಾಪಸು ನೆಗೆಯುವುದನ್ನು ನಾನೇ ಕಣ್ಣಾರೆ ನೋಡಿದೆ. ಓನರ್ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೂ ಒಂದು ಸುತ್ತು ಬಂದಾಯಿತು.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಹುಳು ಎರಡನೇ ಜ್ವರಕ್ಕೆ ಕೂತಿವೆ ಎಂದು ಬಂದಾಗ ಪಾಪ ಮುಖ ಚಿಕ್ಕದು ಮಾಡಿಕೊಂಡು, "ಅಯ್ಯೋ, ಡಾಕ್ಟ್ರಿಗೆ ತೋರ್ಸಿದ್ರಂತಾ?" ಎಂದರು. ತೆಂಗಿನ ಸೀಮೆಯವರಿಗೆ ಹುಳದ ಜ್ವರ ಏನು ಗೊತ್ತು! ಅದು ಕಾಯಿಲೆ ಅಲ್ಲ, ಹುಳು ಹಳೇ ಚರ್ಮ ಕಳಚುವ ಹೊತ್ತು, ತಲೆ ಎತ್ತಿ ಕಲ್ಲಿನ ಹಾಗೆ ಕೂತುಬಿಡುತ್ತದೆ, ಆಗ ಒಂದು ಎಲೆ ಮುಟ್ಟುವುದಿಲ್ಲ, ನಾವೂ ಹಾಕುವುದಿಲ್ಲ ಎಂದು ವಿವರಿಸಿದೆ. ನಾಲ್ಕು ಸಲ ಜ್ವರ ಬಂದು ಎದ್ದರೆ ಆಮೇಲೆ ಗೂಡು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಜ್ವರದ ದಿನ ಅವ್ವ ನಮ್ಮಿಬ್ಬರ ಬಾಯಿಗೂ ಬೆರಳಿಟ್ಟು, ಸದ್ದು ಮಾಡಿದರೆ ನೋಡಿ ಅನ್ನುತ್ತಿದ್ದಳಲ್ಲ. ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಮನೆಯಲ್ಲಿ ಎಲ್ಲರೂ ತುದಿಗಾಲಿನಲ್ಲಿ. ಬೆಕ್ಕು ಕೂಡ ಹೊಸ್ತಿಲ ಒಳಗೆ ಬಾಲ ಸುತ್ತಿಕೊಂಡು ಸುಮ್ಮನೆ ಕೂತಿರುತ್ತಿತ್ತು.

ಅದಕ್ಕೇ ಕೇಳುತ್ತೇನೆ, ನಿಜ ಹೇಳು. ಬೆಳ್ಳಿ ಅಲ್ಲಿಯೂ ಹೀಗೆ ಅರಚುತ್ತಿತ್ತಾ?

ಪ್ರತಿಮಾ


ಕೈಲಾಂಚ
18-7-2004

ಪ್ರತಿಮಾಗೆ ಆಶೀರ್ವಾದ.

ಹೋಟೆಲಿನ ಬೂದಿಯನ್ನು ಯಾರಾದರೂ ಹಚ್ಚುತ್ತಾರೇನೇ? ಓದಿ ನಿಮ್ಮ ಭಾವ ಗೋಡೆಗೆ ಒರಗಿಕೊಂಡು ನಕ್ಕರು. ಬಹಳ ದಿನದ ಮೇಲೆ ಅವರು ನಕ್ಕಿದ್ದು.

ಇಲ್ಲಿ ಅದರ ಗಂಟಲೇ ನಾನು ಕೇಳಿರಲಿಲ್ಲ. ಹುಳದ ಮನೆಯ ಬೆಕ್ಕು ಎಲ್ಲಿಯಾದರೂ ಕೂಗುತ್ತದೆಯೇ? ನೀನು ಅತಿಯಾಗಿ ಮುದ್ದು ಮಾಡುತ್ತಿದ್ದೀಯ, ಅದಕ್ಕೇ ಕೊಬ್ಬು. ಬಾಗಿಲು ತೆಗೆಯಲೇಬೇಡ, ಕೂಗಿ ಕೂಗಿ ಸುಮ್ಮನಾಗುತ್ತದೆ. ಗಟ್ಟಿ ಮನಸ್ಸು ಮಾಡು.

ನನಗೂ ಇಲ್ಲಿ ಪುರಸೊತ್ತಿಲ್ಲ. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಿ ಹಾಕಿ ನನ್ನ ಸೊಂಟ ಬಿದ್ದುಹೋಗಿದೆ. ಈ ಸಲ ಎಲೆ ಬಹಳ ಚೆನ್ನಾಗಿ ಬಂದಿದೆ, ಅಂಗೈ ಅಗಲ, ಹಸಿರು ಅಂದರೆ ಹಸಿರು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕುಯ್ದು ತಂದು ಒದ್ದೆ ಗೋಣಿ ಮುಚ್ಚಿಟ್ಟರೆ ಸಂಜೆಯವರೆಗೂ ಬಾಡುವುದಿಲ್ಲ. ಹುಳದ ಮನೆಯಲ್ಲಿ ಆ ಎಲೆಯ ವಾಸನೆ ಹೇಗಿರುತ್ತದೆ ಅಂತ ನಿನಗೆ ಬೇರೆ ಹೇಳಬೇಕೇ.

ನಿಮ್ಮ ಭಾವನ ಖಾಕಿ ಅಂಗಿ ಒಣಗಿದೆಯೋ ಇಲ್ಲವೋ ನೋಡಬೇಕು, ಬೆಳಿಗ್ಗೆ ಬೇಗ ಹೊರಡುತ್ತಾರೆ. ಇಷ್ಟು ಸಾಕು.

ಅಕ್ಕ


ಸೋಲೂರು
1-8-2004

ಅಕ್ಕ,

ಗಟ್ಟಿ ಮನಸ್ಸು ಮಾಡಿದೆ. ಮೂರು ದಿನ ಬಾಗಿಲು ತೆಗೆಯಲಿಲ್ಲ. ಕೂಗಿ ಕೂಗಿ ಅದರ ದನಿ ಒಡೆದುಹೋಯಿತು, ಆದರೂ ನಿಲ್ಲಿಸಲಿಲ್ಲ. ಬಾಗಿಲಿನ ಕೆಳಗಿನ ಸಂದಿಯಲ್ಲಿ ಪಂಜ ತೂರಿಸಿ ನನ್ನ ಸೀರೆ ಹಿಡಿದು ಎಳೆಯಿತು. ನನ್ನಿಂದ ಆಗಲಿಲ್ಲ. ತೆಗೆದು ಎತ್ತಿಕೊಂಡು ನಾನೂ ಅತ್ತೆ.

ಚೆಲುವಯ್ಯನವರು ಈಗ ಮಾತೇ ಆಡುವುದಿಲ್ಲ. ಅವರ ಹೆಂಡತಿ ನಲ್ಲಿಯ ಹತ್ತಿರ ಸಿಕ್ಕಾಗ, "ಬೇರೆ ಮನೆ ನೋಡ್ತಾ ಇದ್ದೀರೇನವ್ವಾ?" ಎಂದರು. ಕಾರ್ಖಾನೆಗಳು ಬಂದ ಮೇಲೆ ಈ ಕಡೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ನಿನಗೂ ಕೇಳಿ ಗೊತ್ತಿರಬೇಕು. ಅದಕ್ಕೆ ಇವರೂ ನಾನೂ ಕೂತು ಮಾತಾಡಿಕೊಂಡೆವು. ಹಬ್ಬಕ್ಕೆ ಮೊದಲು ಬೆಕ್ಕನ್ನು ತಂದು ಬಿಟ್ಟುಹೋಗುತ್ತೇವೆ. ಇಲ್ಲಿ ಅದು ಕೊರಗಿ ಸಾಯುವುದಕ್ಕಿಂತ ತನ್ನ ಹುಳದ ಮನೆಯಲ್ಲಿ ಸುಖವಾಗಿರಲಿ. ನನ್ನ ಆಸೆಗೆ ಅದನ್ನು ಕಿತ್ತು ತಂದದ್ದು ತಪ್ಪಾಯಿತು. ಬೇಡ ಅನ್ನಬೇಡ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಜ್ವರಕ್ಕೆ ಕೂತ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದೆ ಎಂದು ಬರೆದಿದ್ದೀಯಲ್ಲ ಅಕ್ಕ. ಜ್ವರದಲ್ಲಿ ಹುಳು ಎಲೆಯನ್ನೇ ಮುಟ್ಟುವುದಿಲ್ಲವಲ್ಲ. ಜೂನಿನಲ್ಲಿ ಎರಡನೇ ಜ್ವರದಲ್ಲಿದ್ದ ಹುಳು ಇಷ್ಟು ಹೊತ್ತಿಗೆ ಗೂಡು ಕಟ್ಟಿ ರಾಮನಗರದ ಮಾರ್ಕೆಟ್ಟಿಗೂ ಹೋಗಬೇಕಿತ್ತು. ನಿನ್ನ ಕೈಯಲ್ಲಿ ಇಂಥ ತಪ್ಪು ಬರುವುದಿಲ್ಲ. ನಾನು ಎಲೆ ಚೆಲ್ಲಿದರೆ ಹೊಡೆಯುತ್ತಿದ್ದವಳು ನೀನು. ಮೈಗೆ ಹುಷಾರಿಲ್ಲವೇ? ಏನು ಬರೆಯುತ್ತಿದ್ದೇನೆ ಎಂದು ತಿಳಿಯದಷ್ಟು ಜ್ವರ ನಿನಗೇ ಬಂದಿದೆಯೇ? ಭಾವ ಬೇಗ ಹೋಗುವುದು ಆಸ್ಪತ್ರೆಗೋ? ಲೋಕೇಶಣ್ಣ ಅವತ್ತು ನನ್ನ ಮುಖ ನೋಡದೆ ಓಡಿದ್ದಕ್ಕೂ ಈಗ ಏನೇನೋ ಅರ್ಥ ಹೊಳೆಯುತ್ತಿದೆ. ಮುಚ್ಚಿಡಬೇಡ. ಬೆಕ್ಕಿನ ನೆಪದಲ್ಲಿ ನಿನ್ನನ್ನು ನೋಡಿದ ಹಾಗೂ ಆಗುತ್ತದೆ, ಬಂದೇ ಬರುತ್ತೇನೆ.

ಪ್ರತಿಮಾ


ಕೈಲಾಂಚ
8-8-2004

ಪ್ರತಿಮಾ,

ನನಗೆ ಜ್ವರವಿಲ್ಲ. ನಿಮ್ಮ ಭಾವನೂ ಗಟ್ಟಿಮುಟ್ಟಾಗಿದ್ದಾರೆ. ಹುಳು ಇಲ್ಲ ಕಣೇ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ತೋಟದ ಪಕ್ಕದ ಮುನಿಯಪ್ಪನ ಹೊಲದಲ್ಲಿ ಬಣ್ಣದ ಪುಡಿ ಮಾಡುವ ಕಾರ್ಖಾನೆ ಶುರುವಾಯಿತು. ಶುರುವಾದ ಕೆಲವೇ ದಿನಕ್ಕೆ ಎಲೆಯ ಮೇಲೆ ಸವರಿದ ಹಾಗೆ ಒಂದು ಪದರ. ಕೈಯಿಂದ ಒರೆಸಿದರೆ ಬೆರಳಿಗೆ ಅಂಟುತ್ತಿತ್ತು. ಎಲೆ ಎಲೆಯನ್ನೂ ತೊಳೆದು ಪಂಚೆಯ ಮೇಲೆ ಹರಡಿ ಫ್ಯಾನು ಹಾಕಿ ಒಣಗಿಸಿ ಕೊಟ್ಟೆ. ಹುಳು ಎಲೆಯ ಹತ್ತಿರ ಬಂದು ತಲೆ ಆ ಕಡೆಗೆ ತಿರುಗಿಸಿಕೊಂಡುಬಿಟ್ಟವು. ಹಸಿದುಕೊಂಡು ಸೊಪ್ಪಿನ ಮೇಲೆಯೇ ಸತ್ತವು. ಒಂದಾದ ಮೇಲೊಂದು ಬೆಳೆ ಹೀಗೇ ಹೋಯಿತು. ತಟ್ಟೆ ತಟ್ಟೆ ಹುಳುವನ್ನು ಗುಂಡಿಗೆ ಸುರಿದು ಮಣ್ಣು ಎಳೆಯುವಾಗ ನಿಮ್ಮ ಭಾವ, "ಸಾಕು ಬುಡೇ, ಇನ್ನು ನನ್ ಕೈಲಾಗಕಿಲ್ಲ" ಎಂದು ಗುದ್ದಲಿ ಎಸೆದರು. ಸಂಕ್ರಾಂತಿ ಮುಗಿದ ಮೇಲೆ ತೋಟ ಕೀಳಿಸಿದೆವು. ಅಪ್ಪ ನೆಟ್ಟ ಗಿಡಗಳು ಕಣೇ. ಬೇರು ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಜೆಸಿಬಿಯವನೂ ಬೈದುಕೊಂಡ. ಈಗ ನಿಮ್ಮ ಭಾವ ಅದೇ ಕಾರ್ಖಾನೆಯ ಗೇಟಿನಲ್ಲಿ ಖಾಕಿ ಹಾಕಿಕೊಂಡು ಕೂರುತ್ತಾರೆ. ಮನುಷ್ಯ ಮನೆಗೆ ಬಂದರೆ ಮಾತಿಲ್ಲ.

ಹುಳದ ಮನೆಯ ನಡುವೆ ಗೋಡೆ ಎಬ್ಬಿಸಿ ಒಲೆಕಟ್ಟೆ ಹಾಕಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಖತೀಜಾ ಅಂತ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಅಲ್ಲಿ ಕೆಲಸ ನಿಂತ ಮೇಲೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಜೊತೆಗೆ ಮಗಳು ಮುನ್ನೀ, ಅವಳೂ ಅಲ್ಲೇ ಹೊಲಿಯುತ್ತಾಳೆ. ಒಳ್ಳೆಯ ಜನ.

ಲೋಕೇಶನಿಗೆ ಆಣೆ ಹಾಕಿಸಿ ಕಳಿಸಿದ್ದೆ. ಊಟಕ್ಕೆ ಕೂತರೆ ಬಾಯಿ ಬಿಡುತ್ತಾನೆ, ನಿಲ್ಲಬೇಡ ಎಂದಿದ್ದೆ. ಪಕ್ಕದ ಮನೆಯವರಿಗೂ ಹೇಳಿದ್ದೆ. ಯಾಕೆ ಹೀಗೆ ಮಾಡಿದೆ ಎಂದು ನೀನು ಕೇಳುತ್ತೀಯ. ನೀನು ಮದುವೆಯಾಗಿ ಹೊರಟ ದಿನ ಎಲ್ಲರ ಕಾಲಿಗೂ ಬಿದ್ದು ಕೊನೆಗೆ ಹುಳದ ಮನೆಯ ಹೊಸ್ತಿಲಿಗೂ ಹಣೆ ಮುಟ್ಟಿಸಿ ಹೋದೆ. ಪ್ರತಿ ಕಾಗದದಲ್ಲೂ ಅದನ್ನೇ ಕೇಳುತ್ತೀಯ. ಇಲ್ಲ ಅಂತ ಬರೆಯಲು ಕೂತರೆ ಕೈ ತಾನಾಗಿಯೇ ಹುಳು, ಸೊಪ್ಪು, ಜ್ವರ ಅಂತ ಬರೆದುಬಿಡುತ್ತಿತ್ತು. ಬರೆಯುವ ಅಷ್ಟು ಹೊತ್ತಾದರೂ ನನ್ನ ಮನೆಯಲ್ಲಿ ಹುಳು ಇರುತ್ತಿದ್ದವು. ಸುಖ ಹೆಚ್ಚಾಗಿ ಜ್ವರದಲ್ಲೂ ಸೊಪ್ಪು ಹಾಕಿಬಿಟ್ಟೆ ನೋಡು. ಅವ್ವ ಇದ್ದಿದ್ದರೆ ಬೆನ್ನಿಗೆ ಒಂದು ಬಿಡುತ್ತಿದ್ದಳು.

ಬೆಳ್ಳಿ ಇಲ್ಲಿಯೂ ಅರಚುತ್ತಿತ್ತಾ ಎಂದು ನೀನು ಕೇಳಿದ್ದೆ. ಅರಚುತ್ತಿತ್ತು. ಖತೀಜಾ ಬಂದ ದಿನದಿಂದ ಶುರು. ಮುನ್ನೀಗೆ ಬೆಕ್ಕೆಂದರೆ ಜೀವ ಹೋಗುವಷ್ಟು ಹೆದರಿಕೆ, ಅದಕ್ಕೆ ಅದು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲು ಬೆಳಿಗ್ಗೆ ಸಂಜೆ ಸೊಪ್ಪು ಹಾಕುತ್ತಿದ್ದ ಹೊತ್ತಿಗೆ ಸರಿಯಾಗಿ ಹೋಗಿ ಆ ಬಾಗಿಲ ಮುಂದೆ ಕೂತು ಕೆರೆಯುವುದು, ಕೂಗುವುದು. ಕೊನೆಕೊನೆಗೆ ಯಾವ ಬಾಗಿಲು ಮುಚ್ಚಿದ್ದರೂ ಕೂಗುತ್ತಿತ್ತು. ಒಂದು ದಿನ ನಾನೇ ತಂಬಿಗೆ ನೀರು ತೆಗೆದು ಅದರ ಮುಖಕ್ಕೆ ಎರಚಿದೆ. ಅದರ ಕೂಗು ಕೇಳಿದರೆ ನನಗೂ ಹಾಗೇ ಕೂಗಬೇಕು ಅನ್ನಿಸುತ್ತಿತ್ತು, ತಡೆಯಲಾಗುತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಕಾಗದ ಬಂತು, ಬೆಕ್ಕು ಬೇಕು ಎಂದು. ಕೂಡಲೇ ಚೀಲ ಹುಡುಕಿದೆ.

ತಂದು ಬಿಡುತ್ತೇನೆ ಅನ್ನುತ್ತೀಯ. ಬಂದರೆ ಮತ್ತೆ ಅದೇ ಬಾಗಿಲ ಮುಂದೆ ಕೂರುತ್ತದೆ. ಬೇಡ ಅನ್ನಲೂ ನನಗೆ ಮುಖವಿಲ್ಲ. ನಿನಗೆ ತೋಚಿದ ಹಾಗೆ ಮಾಡು.

ಅಕ್ಕ


ಸೋಲೂರು
29-8-2004

ಅಕ್ಕ,

ನಿನ್ನ ಕಾಗದ ಓದಿ ಸಿಟ್ಟು ಬಂದು ಮೂಲೆಗೆ ಎಸೆದೆ. ಉತ್ತರ ಬರೆಯಬಾರದು ಎಂದುಕೊಂಡೆ, ಅದಕ್ಕೇ ಇಷ್ಟು ದಿನ. ಹುಳು ಹೋಯಿತು ಅಂತಲ್ಲ. ನೀನು ಅಲ್ಲಿ ಗುಂಡಿ ಮುಚ್ಚುತ್ತಿದ್ದಾಗ ನಾನಿಲ್ಲಿ ತೋಟ ಇದೆ ಅಂದುಕೊಂಡು ಸಂಜೆ ಸಂಜೆ ಮನಸ್ಸಿನಲ್ಲೇ ಅಲ್ಲಿ ಓಡಾಡಿಕೊಂಡು ಬರುತ್ತಿದ್ದೆನಲ್ಲ. ಒಂದು ಮಾತು ಬರೆದಿದ್ದರೆ ಬಂದು ನಿನ್ನ ಪಕ್ಕದಲ್ಲಾದರೂ ಕೂರುತ್ತಿದ್ದೆ. ಅಳುವುದಕ್ಕೂ ನನ್ನನ್ನು ಕರೆಯಲಿಲ್ಲ ನೀನು.

ಬೈದಾಯಿತು. ಈಗ ಬೆಕ್ಕಿನ ವಿಷಯ.

ಮೂಲೆಗೆ ಎಸೆದ ಕಾಗದವನ್ನು ಇವರು ಎತ್ತಿ ಓದಿದರು. ಓದಿ ಬೆಕ್ಕಿನ ಕಡೆ ತಿರುಗಿ, "ಹಂಗಂದ್ರೆ ಅದಕ್ಕೆ ಬಾಗ್ಲು ಹಾಕಿರೋದೇ ಆಗಕಿಲ್ಲ ಅಲ್ವಾ?" ಎಂದರು. ಹೌದಲ್ಲ! ನೀನು ಬಾಗಿಲು ಭದ್ರ ಮಾಡು ಭದ್ರ ಮಾಡು ಎಂದು ಬರೆದಷ್ಟೂ ನಾನು ಹಾಕಿದ್ದು ಅದನ್ನೇ. ಅದು ಹುಳದ ಮನೆ ನೆನೆಸಿಕೊಂಡು ಕೂಗುತ್ತಿದೆ ಎಂದು ನಾನಂದುಕೊಂಡಿದ್ದೆ. ಪಾಪ, ಅದು ಮುಚ್ಚಿದ ಬಾಗಿಲ ಹೊರಗೆ ನಿಂತದ್ದನ್ನು ನೆನೆಸಿಕೊಂಡು ಕೂಗುತ್ತಿತ್ತು.

ಒಳಕೋಣೆಯ ಬಾಗಿಲಿಗೆ ರುಬ್ಬುಗುಂಡು ಒತ್ತುಕೊಟ್ಟು ಪೂರ್ತಿ ತೆಗೆದಿಟ್ಟೆವು. ಬಚ್ಚಲಿನ ಬಾಗಿಲಿಗೂ ಮುಚ್ಚದಂತೆ ಒಂದು ಹಗ್ಗ ಕಟ್ಟಿದೆವು, ನಮ್ಮ ಕಷ್ಟ ಹೇಳುವುದು ಬೇಡ. ಬೆಳ್ಳಿ ಮೊದಲು ಹೊಸ್ತಿಲಲ್ಲೇ ಕೂತು ಕೂಗಿತು. ನಾವು ಓಡಿಸಲಿಲ್ಲ. ಆಮೇಲೆ ಒಳಗೆ ಹೋಯಿತು. ಮಂಚದ ಕೆಳಗೆ, ಟ್ರಂಕಿನ ಹಿಂದೆ, ಅಟ್ಟದ ಮೇಲೆ, ಒಂದು ಮೂಲೆ ಬಿಡದೆ ಮೂಸಿ ಬಂತು. ಏನನ್ನು ಹುಡುಕಿತೋ, ಸಿಗಲಿಲ್ಲ. ಸಿಗಲಿಲ್ಲ ಎಂದು ಖಾತ್ರಿಯಾದ ಮೇಲೆ ಇವರ ಕಾಲ ಬಳಿ ಸುತ್ತಿಕೊಂಡು ಮಲಗಿತು. ಮಾರನೆಯ ದಿನವೂ ಹಾಗೇ ಕೂಗಿತು, ಆದರೆ ಒಸಿ ಕಡಿಮೆ. ಹೀಗೇ ದಿನ ದಿನ ಇಳಿಯುತ್ತಾ ಬಂತು. ಓಡುವುದು, ನೆಗೆಯುವುದು, ಡಬ್ಬ ಉರುಳಿಸುವುದು ನಿಂತಿಲ್ಲ, ಅದು ಅದರ ವಯಸ್ಸು ಬಿಡು. ಕೂಗು ನಿಂತಿದೆ.

ನಿನ್ನೆ ಚೆಲುವಯ್ಯನವರ ಹೆಂಡತಿ ಮೆಟ್ಟಿಲು ಹತ್ತಿ ಬಂದು, "ಬೆಕ್ಕ ಯಾರ್ಗಾನಾ ಕೊಟ್ಬುಟ್ರಾ? ಸದ್ದೇ ಇಲ್ವಲ್ಲ" ಎಂದರು. ನಿಮ್ಮ ಹಿಂದೆಯೇ ಇದೆ ಎಂದೆ. ತಿರುಗಿ ನೋಡಿ ಬೆಚ್ಚಿಬಿದ್ದರು. ಹಬ್ಬಕ್ಕೆ ಮಗು ಬರಲಿ, ಇದೂ ಇರಲಿ ಎಂದು ಚೆಲುವಯ್ಯನವರೇ ಕೆಳಗಿನಿಂದ ಕೂಗಿ ಹೇಳಿದರು. ಇನ್ನು ವಾಪಸು ತರುವ ಮಾತಿಲ್ಲ.

ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬಾಡಿಗೆಗೆ ಕೊಟ್ಟ ಮೇಲೆ ನೀನು ಹುಳದ ಮನೆಯ ಒಳಗೆ ಹೋಗಿದ್ದೀಯಾ?

ಪ್ರತಿಮಾ


ಕೈಲಾಂಚ
12-9-2004

ಪ್ರತಿಮಾಗೆ ಆಶೀರ್ವಾದ.

ಹೋಗಿರಲಿಲ್ಲ. ಬಾಡಿಗೆಯನ್ನೂ ಅವರೇ ತಂದು ಕೊಡುತ್ತಾರೆ. ಅಂಗಳ ಗುಡಿಸುವಾಗಲೂ ಆ ಕಡೆಗೆ ಬೆನ್ನು ಮಾಡಿಕೊಂಡೇ ಗುಡಿಸುತ್ತಿದ್ದೆ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಓದಿದಷ್ಟು ಸಲವೂ ಕೊನೆಯ ಸಾಲಿನಲ್ಲಿ ನಿಂತುಬಿಡುತ್ತಿದ್ದೆ.

ಇವತ್ತು ಭಾನುವಾರ, ಅವರಿಗೆ ರಜ. ಮಧ್ಯಾಹ್ನ ಹೋಗಿ ಹೊರಗೆ ನಿಂತುಕೊಂಡೆ. ಬಾಗಿಲು ತೆಗೆದೇ ಇತ್ತು, ಆದರೂ ಕದ ತಟ್ಟಿದೆ. ಖತೀಜಾ ಅಕ್ಕಿ ಆರಿಸುತ್ತಿದ್ದವಳು ಎದ್ದು ಬಂದಳು.

"ಏನಮ್ಮಾ, ಹೊರ್ಗೇ ನಿಂತ್ಬುಟ್ರಿ? ಬಾಡ್ಗೆ ಕೊಟ್ಟೀನಲ್ಲ?"

"ಬಾಡ್ಗೆಗಲ್ಲ ಕಣವ್ವಾ. ಒಸಿ ಒಳ್ಗಡೆ ನೋಡ್ಕಂಡು ಹೋಗನಾ ಅಂತ."

"ಅದ್ಕೆ ಕೇಳ್ಬೇಕೇನಮ್ಮಾ? ಬೆಕ್ಕಿಗೆ ಬಾಗ್ಲು ಹಾಕಿದ್ವಿ, ನಿಮ್ಗೆ ಯಾವತ್ತಾದ್ರೂ ಹಾಕಿದ್ವಾ?" ಎಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡಳು.

ತಟ್ಟೆಗಳಿದ್ದ ಕಡೆ ಅವರ ಹಾಸಿಗೆ, ಸೊಪ್ಪು ಸುರಿಯುತ್ತಿದ್ದ ಕಡೆ ನೀರಿನ ಬಿಂದಿಗೆ. ಗೋಡೆಗೆ ತಿಳಿಹಸಿರು ಬಳಿದಿದ್ದಾರೆ. ನಾನು ಮೂಲೆ ಮೂಲೆಗೂ ಹೋಗಿ ನಿಂತು ನೋಡಿದೆ. ಗೋಡೆಗೆ ಮೂಗು ಹಚ್ಚಿ ಮೂಸಿದೆ, ಮುನ್ನೀ ನಕ್ಕರೂ ಬಿಡಲಿಲ್ಲ. ಸುಣ್ಣದ ವಾಸನೆ, ಅವರ ಅಡುಗೆಯ ವಾಸನೆ. ಎಲೆಯದು ಇಲ್ಲ.

ಅಲ್ಲೇ ನೆಲದ ಮೇಲೆ ಕೂತೆ. ಪಕ್ಕದಲ್ಲಿ ಖತೀಜಾ ಕೂತಳು. "ನಿಮ್ ಗೂಡು ನಾನು ಬಿಚ್ಚಿವ್ನಿ ಅಮ್ಮಾ. ಕೈಲಾಂಚ ಗೂಡು ಅಂದ್ರೆ ನಮ್ ನೂಲಿನ್ ಮನೆ ಯಜಮಾನ್ರು ಬಿಡ್ತಾನೇ ಇರ್ಲಿಲ್ಲ. ಎಳೆ ಕಡೀದಂಗೆ ಬರ್ತಿತ್ತು" ಎಂದಳು. ಅಷ್ಟೇ ಅವಳು ಹೇಳಿದ್ದು. ನನಗೆ ಎಲ್ಲಿತ್ತೋ ಅಳು. ಗುಂಡಿ ಮುಚ್ಚಿದಾಗ ಅತ್ತಿರಲಿಲ್ಲ, ತೋಟ ಕೀಳಿಸಿದಾಗ ಅತ್ತಿರಲಿಲ್ಲ. ನಿಮ್ಮ ಭಾವನ ಮುಂದೆ ಅತ್ತರೆ ಅವರು ಇನ್ನೂ ಕುಗ್ಗುತ್ತಾರೆ ಎಂದು ನುಂಗಿಕೊಂಡಿದ್ದೆ. ಈಗ ಬಾಯಿ ಬಿಟ್ಟು ಕೂಗಿ ಕೂಗಿ ಅತ್ತೆ ಪ್ರತಿಮಾ. ನಾನು, ಇಷ್ಟು ವಯಸ್ಸಾದವಳು. ಬೀದಿಯಲ್ಲಿ ಹೋಗುವವರು ಏನಂದುಕೊಳ್ಳುತ್ತಾರೋ ಎಂದು ಮುನ್ನೀ ಬಾಗಿಲು ಹಾಕಲು ಎದ್ದಳು.

"ಬ್ಯಾಡ ಕಣವ್ವಾ, ತೆಗ್ದೇ ಇರ್ಲಿ" ಎಂದೆ.

ಆಮೇಲೆ ಯಾವಾಗ ಒರಗಿದೆನೋ ಗೊತ್ತಿಲ್ಲ. ಹುಳು ಹೋದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದೇ ಇರಲಿಲ್ಲ. ನಿಮ್ಮ ಭಾವ ಡ್ಯೂಟಿ ಮುಗಿಸಿ ಬಂದು ಮನೆಯಲ್ಲಿ ನಾನಿಲ್ಲದೆ ಗಾಬರಿಯಾಗಿ ಹುಡುಕಿದರಂತೆ. ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಮೈಮೇಲೆ ಖತೀಜಾಳ ದುಪ್ಪಟಿ ಇತ್ತು. ಖಾಕಿ ಅಂಗಿಯಲ್ಲೇ ನಿಮ್ಮ ಭಾವ ಹೊಸ್ತಿಲ ಒಳಗೆ ನನ್ನ ಕಾಲ ಹತ್ತಿರ ಕೂತು ಟೀ ಕುಡಿಯುತ್ತಿದ್ದರು.

ಅಕ್ಕ